ಅಂಬಾಬಾಯಿಯ ಈಜುಡುಗೆ

ಹತ್ತೊಂಬತ್ತುನೂರಾ ಮೂವತ್ತನಾಲ್ಕರ ಬೇಸಿಗೆಯಲ್ಲಿ ಪುಣೆಯ ನಾರಾಯಣ ಪೇಠೆಯಲ್ಲಿ, ಹಲವು ಬಿಡಾರಗಳಿದ್ದ ಒಂದು ವಾಡೆಯೊಳಗೆ, ಪ್ರಲ್ಹಾದರಾಯರ ಮನೆಯಲ್ಲಿ ಯಾರ ಕಾಲೂ ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಇದಕ್ಕೆಲ್ಲ ಕಾರಣ ರಾಯರ ಹೆಂಡತಿ ಅಂಬಾಬಾಯಿಯ ತಮ್ಮ ಬಾಳು. ಎಷ್ಟೋ ವರ್ಷಗಳ ಮೇಲೆ ಅಕ್ಕನ ಮನೆಗೆ ಬಂದವನು ಊಟಕ್ಕೆ ಕೂತು, ಎರಡನೇ ರೊಟ್ಟಿ ಮುರಿಯುತ್ತ, ನೆಂಟರನ್ನು ಮಗ್ಗುಲ ಓಣಿಗೆ ಕರೆದಷ್ಟು ಸಲೀಸಾಗಿ ಹೇಳಿಬಿಟ್ಟಿದ್ದ.

"ಅಕ್ಕಾ, ಭಾವಾ, ಈ ಸಲ ನಾ ಹೋಗೂಮುಂದ ನಿಮ್ಮಿಬ್ಬರನೂ ಕರಕೊಂಡ ಹೋಗಾಂವ. ಎರಡು ತಿಂಗಳು ಆರಾಮ ಇದ್ದು ಬರ್ರಿ."

ಬಾಳು ಇರುತ್ತಿದ್ದದ್ದು ಮಾಲ್ಟಾದಲ್ಲಿ. ಭೂಮಧ್ಯ ಸಮುದ್ರದ ನಟ್ಟನಡುವೆ ಯಾರೋ ಬೆಲ್ಲದ ಹೆಂಟೆ ಒಗೆದಂತೆ ಬಿದ್ದಿರುವ ದ್ವೀಪ ಅದು. ಅಲ್ಲಿ ಒಬ್ಬ ಸಿಂಧಿ ಸೇಠನ ರೇಷ್ಮೆ ಅಂಗಡಿ ಇತ್ತು. ಮುಂಬಯಿಯಲ್ಲಿ ಆ ಸೇಠನ ಬಳಿ ಗುಮಾಸ್ತನಾಗಿ ಸೇರಿದ ಬಾಳು ಈಗ ಅಲ್ಲಿಯ ಅಂಗಡಿಯನ್ನೇ ನೋಡಿಕೊಳ್ಳುತ್ತಿದ್ದ. ಮದುವೆ ಮಾಡಿಕೊಂಡಿರಲಿಲ್ಲ. ಮನೆಯ ಕಿಟಕಿ ತೆರೆದರೆ ಕೆಳಗೇ ಸಮುದ್ರ ಎನ್ನುತ್ತಿದ್ದ.

ಎಲ್ಲರೂ ಒಮ್ಮೆಲೇ ಕೃಷ್ಣಾಬಾಯಿಯ ಮುಖ ನೋಡಿದರು. ಆಕೆ ರಾಯರ ಅಕ್ಕ, ಎಪ್ಪತ್ತರ ಹತ್ತಿರದ ವಿಧವೆ. ಏಕಾದಶಿ, ಚಾತುರ್ಮಾಸ ಯಾವುದನ್ನೂ ಬಿಟ್ಟವಳಲ್ಲ. ಸಮುದ್ರ ದಾಟುವ ಮಾತು ಕೇಳಿ ತಟ್ಟೆ ಎತ್ತಿ ಒಗೆಯುತ್ತಾಳೆ ಎಂದೇ ಮನೆಯವರು ಉಸಿರು ಬಿಗಿಹಿಡಿದಿದ್ದರು.

"ಸಮುದ್ರ ದಾಟಿದ್ರ ಜಾತಿ ಹೋಗ್ತದ ಅಂತ ನಮ್ಮಜ್ಜ ಅಂತಿದ್ದ," ಎಂದಳು ಕೃಷ್ಣಾಬಾಯಿ, ಮಜ್ಜಿಗೆ ಬಡಿಸುತ್ತ. "ಅಂವಾ ಒಮ್ಮೆ ಮುಂಬೈಗೂ ಹೋದಾಂವಲ್ಲ. ಅದಿರ್ಲಿ, ಮಾವಿನಕಾಯಿ ಉಪ್ಪಿನಕಾಯಿ ಎಷ್ಟು ಭರಣಿ ಬೇಕು, ಅಷ್ಟು ಹೇಳ್ರಿ. ಈಗಿನ್ನೂ ಕಾಯಿ ಎಳೇವು ಅವ."

ಅಷ್ಟೇ. ಮನೆಯಲ್ಲಿ ಗದ್ದಲ ಶುರುವಾಯಿತು.

ಬಾಳು ಸಾಮಾನು ಹೆಚ್ಚು ತರಬೇಡಿರೆಂದು ಹತ್ತು ಸಲ ಹೇಳಿ, ಹಳೆಯ ಗೆಳೆಯರನ್ನು ಕಂಡುಬರಲು ಧಾರವಾಡದ ಗಾಡಿ ಹತ್ತಿದ. ಹತ್ತುವ ಮೊದಲು ಸ್ಟೇಷನ್ನಿನಲ್ಲಿ ಅಕ್ಕನನ್ನು ಒಂದು ಬದಿಗೆ ಕರೆದು ಕಿವಿಯಲ್ಲಿ ಹೇಳಿದ.

"ಅಕ್ಕಾ, ನೀ ಬ್ಯಾರೆ ಏನು ತಂದ್ರೂ ಅಷ್ಟ, ಬಿಟ್ರೂ ಅಷ್ಟ. ಈಜೂ ಉಡುಪು ಒಂದು ಮರೀಬ್ಯಾಡ. ಅಲ್ಲಿ ನೀರು ಹೆಂಗದ ಅಂತೀ? ತಳದಾಗಿನ ಕಲ್ಲು ಎಣಸಬಹುದು!"

"ಹುಚ್ಚ! ಈ ವಯಸ್ಸಿನ್ಯಾಗ?" ಎಂದು ಅಂಬಾಬಾಯಿ ಅವನ ತೋಳಿಗೆ ಗುದ್ದಿದಳು. ಆದರೆ ಟಾಂಗಾದಲ್ಲಿ ಮನೆಗೆ ಬರುವವರೆಗೂ ಅವಳ ಎದೆಯಲ್ಲಿ ಯಾರೋ ನೀರು ಚಿಮ್ಮಿಸುತ್ತಿದ್ದಂತೆ ಆಗುತ್ತಿತ್ತು.

ಅವಳ ತವರು ಮಲಪ್ರಭೆಯ ದಂಡೆಯ ಮುನವಳ್ಳಿ. ಐದು ವರ್ಷದವಳಿದ್ದಾಗಲೇ ಹೊಳೆಗೆ ಜಿಗಿದವಳು ಅವಳು. ಬಾಳುವಿನ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಈಜು ಕಲಿಸಿದವಳೂ ಅವಳೇ. ಹನ್ನೆರಡಕ್ಕೆ ಮದುವೆಯಾಗಿ ಪುಣೆಗೆ ಬಂದಳು. ಇಲ್ಲಿ ನೀರು ನಲ್ಲಿಯಲ್ಲಿ ಬರುತ್ತಿತ್ತು. ನಲ್ಲಿಯಲ್ಲಿ ಈಜಲು ಬರುವುದಿಲ್ಲ. ಅತ್ತೆ, ಮಾವ, ಹೆರಿಗೆ, ಹಬ್ಬ ಎನ್ನುವುದರಲ್ಲಿ ವರ್ಷಗಳು ಕಳೆದು ಈಗ ಐವತ್ತರ ಹೊಸ್ತಿಲಿಗೆ ಬಂದಿದ್ದಳು, ಮೈಯೂ ತುಂಬಿಕೊಂಡಿತ್ತು. ನಿನಗೆ ಈಜು ಬರುತ್ತದೆಯೇ ಎಂದು ಈ ಮನೆಯಲ್ಲಿ ಯಾರೂ ಅವಳನ್ನು ಕೇಳಿರಲಿಲ್ಲ. ಕೇಳದ್ದನ್ನು ಅವಳೂ ಹೇಳಿರಲಿಲ್ಲ.

ಇತ್ತ ಪ್ರಲ್ಹಾದರಾಯರು ಸಾಮಾನು ಕಟ್ಟುವ ಕೆಲಸವನ್ನು ಸರಕಾರಿ ಕಾರ್ಯವೆಂಬಂತೆ ಕೈಗೆತ್ತಿಕೊಂಡರು. ಹೋದ ವರ್ಷ ನಿವೃತ್ತರಾಗುವ ತನಕ ಅವರು, ಪುಣೆಯ ಜನ ಶಿಮ್ಲಾ ಆಫೀಸು ಎಂದು ಕರೆಯುವ ಹವಾಮಾನ ಕಚೇರಿಯಲ್ಲಿ ಹೆಡ್‌ಕ್ಲಾರ್ಕು. ಬಿರುಗಾಳಿಯ ತಂತಿಗಳನ್ನು ಓದಿ ಓದಿ ಜಗತ್ತಿನಲ್ಲಿ ಎಲ್ಲಿ ನಿಂತರೂ ಏನಾದರೊಂದು ತಲೆಯ ಮೇಲೆ ಬೀಳುತ್ತದೆಂದು ಅವರಿಗೆ ಖಾತ್ರಿಯಾಗಿತ್ತು. ಮಾಲ್ಟಾದಲ್ಲಿ ಬೇಸಿಗೆಯಲ್ಲಿ ಹನಿ ಮಳೆ ಬೀಳುವುದಿಲ್ಲವೆಂದು ಅವರೇ ಮನೆಮಂದಿಗೆ ತಿಳಿಸಿ ಹೇಳಿದರು. ಹೇಳಿ ಮೂರು ಛತ್ರಿ ತಂದಿಟ್ಟರು.

"ಮಳಿನ ಇಲ್ಲಂದ್ಮ್ಯಾಲೆ ಛತ್ರಿ ಯಾಕ್ರಿ?" ಎಂದಳು ಅಂಬಾಬಾಯಿ.

"ಬಂದ್ರ?"

ಈ 'ಬಂದ್ರ' ಎಂಬ ಒಂದು ಮಾತಿನಿಂದ ಟ್ರಂಕುಗಳು ತುಂಬುತ್ತ ಹೋದವು. ಚಳಿ ಬಂದರೆ ರಜಾಯಿ. ಸೊಳ್ಳೆ ಬಂದರೆ ಪರದೆ. ಜ್ವರ ಬಂದರೆ ಕ್ವಿನೈನು, ಹಸಿವೆ ಬಂದರೆ ಅವಲಕ್ಕಿ, ಜೋಳದ ಹಿಟ್ಟು, ಶೇಂಗಾ ಚಟ್ನಿ, ರೊಟ್ಟಿಯ ಹಂಚು, ಪಂಪಿನ ಸ್ಟೋವು. ಕತ್ತಲಾದರೆ ಕಂದೀಲು. ಪಂಚಾಂಗವಂತೂ ಮೊದಲ ದಿನವೇ ತಳ ಸೇರಿತ್ತು. ಮೇಲಿಂದ ಕೃಷ್ಣಾಬಾಯಿಯ ಉಪ್ಪಿನಕಾಯಿ ಭರಣಿಗಳು, ಹಪ್ಪಳದ ಡಬ್ಬಿಗಳು ಸಾಲಾಗಿ ಬಂದು ನಿಂತವು. ವಾಡೆಯ ಮರಾಠಿ ಹೆಂಗಸರು ತಮ್ಮದೂ ಒಂದಿರಲೆಂದು ಮೆತಕೂಟದ ಪುಡಿ, ಸಾಂಡಿಗೆ, ಕೋಕಮ್ ತಂದುಕೊಟ್ಟರು. ನಡುಮನೆಯಲ್ಲಿ ಟ್ರಂಕು ದಾಟದೆ ಒಂದು ಹೆಜ್ಜೆ ಇಡಲು ಬರುತ್ತಿರಲಿಲ್ಲ.

ಈ ಗೊಂದಲದ ನಡುವೆ ಅಂಬಾಬಾಯಿ ಮಗಳು ಇಂದೂನನ್ನು ಹಿತ್ತಿಲಿಗೆ ಕರೆದು ಬಾಳು ಹೇಳಿದ ಗುಟ್ಟನ್ನು ಹೇಳಿದಳು. ಇಂದೂ ಕಾಲೇಜಿಗೆ ಹೋಗುವ ಹುಡುಗಿ. ಕಣ್ಣು ಅರಳಿಸಿ ತಾಯಿಯನ್ನೇ ನೋಡಿದಳು.

"ಅವ್ವಾ! ನಿನಗ ಈಜ ಬರ್ತದ?"

"ಸಾವಕಾಶ ಒದರ! ನಿಮ್ಮಪ್ಪ ಕೇಳ್ಯಾರು."

ಮರುದಿನವೇ ತಾಯಿ ಮಗಳು ಪಾತಳ ಸೀರೆ ತರುವ ನೆವ ಹೇಳಿ ಬ್ರಿಟಿಷ್ ದಂಡಿದ್ದ ಕ್ಯಾಂಪಿಗೆ ಹೋದರು. ಇಂಗ್ಲಿಷ್ ಮಡಮ್ಮರ ಬಟ್ಟೆಗಳನ್ನು ಮಾರುವ ಅಂಗಡಿಯೊಂದರಲ್ಲಿ ವಯಸ್ಸಾದ ಪಾರಸಿ ಬಾಯಿ ಕೂತಿದ್ದಳು. ಇಂದೂ ಇಂಗ್ಲಿಷಿನಲ್ಲಿ ಈಜುವ ಉಡುಗೆ ಬೇಕೆಂದಳು. ಪಾರಸಿ ಬಾಯಿ ಇಂದೂನ ಸಣಕಲು ಮೈಯನ್ನು ಕಣ್ಣಿನಲ್ಲೇ ಅಳೆದು ಕೆಂಪು ಬಣ್ಣದ್ದೊಂದನ್ನು ಹರವಿದಳು.

"ನನಗಲ್ಲ," ಎಂದು ಇಂದೂ ತಾಯಿಯ ಕಡೆ ಬೊಟ್ಟು ಮಾಡಿದಳು.

ಪಾರಸಿ ಬಾಯಿ ಒಂಬತ್ತು ಮೊಳದ ಇಳಕಲ್ಲು ಸೀರೆಯನ್ನೂ ಹಣೆಯ ಅಗಲ ಕುಂಕುಮವನ್ನೂ ನೋಡಿದಳು. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ನೋಡಿದಳು. ಆಮೇಲೆ ಗಲ್ಲಾ ಬಿಟ್ಟು ಎದ್ದುಬಂದು ಅಂಬಾಬಾಯಿಯ ಎರಡೂ ಕೈ ಹಿಡಿದು, ತನ್ನ ಮುರುಕು ಮರಾಠಿಯಲ್ಲಿ, "ಶಾಬಾಸ್ ಬಾಯಿ! ನೀನೇ ಹಾಕಬೇಕು. ನಮ್ಮಂಥವರು ಯಾವಾಗ ಹಾಕೋದು, ಸತ್ತ ಮೇಲೆಯೇ?" ಎಂದು ನಕ್ಕಳು. ಏಣಿ ಹತ್ತಿ ಮೇಲಿನ ಕಪಾಟಿನಿಂದ ದೊಡ್ಡ ಅಳತೆಯ ಕಪ್ಪು ಉಡುಗೆಯೊಂದನ್ನು ಇಳಿಸಿದಳು. ಉಣ್ಣೆಯದು; ತೊಡೆಯ ತನಕ ಸಣ್ಣ ಲಂಗದಂಥ ಅಂಚು, ಎದೆಯ ಮೇಲೆ ಬಿಳಿ ಪಟ್ಟೆ.

ಮನೆಗೆ ಬಂದದ್ದೇ ಇಬ್ಬರೂ ಉಗ್ರಾಣ ಸೇರಿ ಅಗಳಿ ಹಾಕಿಕೊಂಡರು. ಅಂಬಾಬಾಯಿ ಅದನ್ನು ಹಾಕಿಕೊಂಡಳು, ಕಾಲಿನಿಂದ ಮೇಲೆಳೆದು, ತೋಳು ತೂರಿಸಿ, ಉಸಿರು ಬಿಗಿಹಿಡಿದು. ಕೊರಳಲ್ಲಿ ಮಂಗಳಸೂತ್ರ, ಮೂಗಲ್ಲಿ ಮುತ್ತಿನ ನತ್ತು, ಕಾಲಲ್ಲಿ ಕಾಲುಂಗುರ, ನಡುವೆ ಈ ಕಪ್ಪು ಉಣ್ಣೆ. ತನ್ನ ಮೊಣಕಾಲುಗಳನ್ನು ಹಗಲು ಬೆಳಕಿನಲ್ಲಿ ಕಂಡು ಎಷ್ಟು ದಿನವಾಗಿತ್ತೋ! ಹಳೆಯ ಗೆಳತಿಯರನ್ನು ಕಂಡಂತೆ ಅವುಗಳನ್ನೇ ನೋಡಿದಳು. ಮೊದಲು ಇಂದೂ ಕಿಸಕ್ಕೆಂದಳು. ಆಮೇಲೆ ಅಂಬಾಬಾಯಿಗೆ ನಗು ಹತ್ತಿತು. ತಡೆಯಲು ಹೋದಷ್ಟೂ ಉಕ್ಕಿಬಂತು. ಅಕ್ಕಿ ಚೀಲದ ಮೇಲೆ ಧೊಪ್ಪನೆ ಕೂತು, ಸೆರಗು ಸಿಗದೆ ಅಂಗೈಯನ್ನೇ ಬಾಯಿಗೆ ಒತ್ತಿಕೊಂಡು ನಕ್ಕಳು.

"ಏನಾತಽ ಒಳಗ?" ಎಂದು ಹೊರಗಿನಿಂದ ಕೃಷ್ಣಾಬಾಯಿ ಬಾಗಿಲು ಬಡಿದಳು.

"ಇಲಿ, ಆತ್ಯಾ! ಇಲಿ!" ಎಂದಳು ಇಂದೂ.

"ಇಲಿ ಕಂಡ್ರ ನಗೂ ಮಂದಿ ನೀವ!"

ಉಡುಗೆಯೇನೋ ಬಂತು. ಆದರೆ ಈಜು ಇನ್ನೂ ಬರುತ್ತದೆಯೋ ಇಲ್ಲವೋ? ಮಾಲ್ಟಾಕ್ಕೆ ಹೋಗಿ ತಮ್ಮನೆದುರು ಕಲ್ಲಿನಂತೆ ಮುಳುಗಿದರೆ? ಅಂಬಾಬಾಯಿ ಗೆಳತಿ ನಾಗವ್ವನ ಬಳಿ ಹೋದಳು. ನಾಗವ್ವನ ಗಂಡ ಈರಬಸಪ್ಪ ಬೆಳಗಾವಿ ಕಡೆಯಿಂದ ಬಂದು ಪುಣೆಯಲ್ಲಿ ನೆಲೆ ನಿಂತ ಬೆಲ್ಲದ ವ್ಯಾಪಾರಿ. ಹಡಪಸರದಲ್ಲಿ ಅವರಿಗೆ ಕಬ್ಬಿನ ತೋಟ, ತೋಟದಲ್ಲಿ ಮೆಟ್ಟಿಲಿಳಿದು ಹೋಗುವ ಚೌಕನೆಯ ದೊಡ್ಡ ಬಾವಿ.

"ಬುಧವಾರ ಬರ್ರಿ ಅಂಬಕ್ಕಾರ," ಎಂದಳು ನಾಗವ್ವ, ಸಂಚಿನ ಹುರುಪಿನಲ್ಲಿ ಕಣ್ಣು ಮಿಟುಕಿಸಿ. "ಅವತ್ತು ಒಂದು ಗಂಡು ನಾಯಿನೂ ಬಾವಿ ಕಡೆ ಹಾಯಲಾರದಂಗ ನಮ್ಮವರಿಗೆ ಹೇಳಿ ಇಡತೀನಿ."

ನಾಗವ್ವ ಹೇಳಿದ್ದೂ ನಿಜ. ಈರಬಸಪ್ಪ ಹೂಂಗುಟ್ಟಿದ್ದೂ ನಿಜ. ಆದರೆ ಬಾಯಿತುಂಬ ಎಲೆಯಡಿಕೆ ಇದ್ದಾಗ ಆತ ಹೂಂ ಎಂದರೆ ಅದು ಬಾಯಿಯ ಕೆಲಸವೇ ಹೊರತು ಕಿವಿಗೆ ಸಂಬಂಧಪಟ್ಟದ್ದಲ್ಲ.

ಬುಧವಾರ ಬೆಳಗ್ಗೆ ರಾಯರು ತಾವೇ, ಯಾರೋ ಸ್ನೇಹಿತರನ್ನು ಕಂಡುಬರುತ್ತೇನೆಂದು ಹೊರಟರು. ದೇವರೇ ದಾರಿ ಬಿಟ್ಟ ಎಂದುಕೊಂಡು ಅಂಬಾಬಾಯಿ ಇಂದೂನನ್ನೂ ನಾಗವ್ವನನ್ನೂ ಕೂಡಿಸಿಕೊಂಡು ಟಾಂಗಾ ಹತ್ತಿದಳು. ಕ್ಯಾಂಪು ದಾಟಿ ಸೊಲ್ಲಾಪುರದ ರಸ್ತೆ ಹಿಡಿದರೆ ಎರಡೂ ಬದಿಗೆ ಬೇವಿನ ನೆರಳು, ಆಚೆಗೆ ಕಾಲುವೆ ನೀರು ಕುಡಿದ ಕಾಯಿಪಲ್ಲೆ ತೋಟಗಳು. ಟಾಂಗಾದವನಿಗೆ ಕೇಳದಂತೆ ಮೂವರೂ ಪಿಸುಗುಟ್ಟಿದರು. ಕುದುರೆ ಸೀನಿದ್ದಕ್ಕೂ ನಕ್ಕರು.

ಬಾವಿಯ ನೀರು ಹಸಿರಾಗಿ, ನಿಶ್ಚಲವಾಗಿತ್ತು. ಅಂಬಾಬಾಯಿ ಪಂಪಿನ ಕೋಣೆಯಲ್ಲಿ ಸೀರೆ ಕಳಚಿಟ್ಟು, ಮೈಗೆ ಪಂಜೆ ಸುತ್ತಿಕೊಂಡು ಮೆಟ್ಟಿಲಿಳಿದಳು. ಕೊನೆಯ ಮೆಟ್ಟಿಲಲ್ಲಿ ನೀರು ಪಾದಕ್ಕೆ ತಾಗಿತು. ತಣ್ಣಗೆ. ಗಂಗೆಗೆ ಕೈಮುಗಿದು, ಪಂಜೆಯನ್ನು ಮಗಳ ಕೈಗೆ ಕೊಟ್ಟು, ಮೂಗು ಹಿಡಿದು ಜಿಗಿದಳು.

ಒಂದು ಗಳಿಗೆ ಬಾವಿ ಅವಳನ್ನು ನುಂಗಿತು. ಇಂದೂ ಒಂದು ಮೆಟ್ಟಿಲು ಕೆಳಗಿಳಿದಳು. ಆಮೇಲೆ ಆಚೆ ದಂಡೆಯ ಹತ್ತಿರ ಅಂಬಾಬಾಯಿಯ ತಲೆ ಮೇಲೆ ಬಂತು. ಕುಂಕುಮ ಮೂಗಿನ ಮೇಲೆ ಹರಿದಿತ್ತು, ಮುಖ ಅರಳಿತ್ತು.

"ಬರ್ತದ! ಇನ್ನೂ ಬರ್ತದಽ ಇಂದೂ!"

ಅವಳು ಅಡ್ಡ ಈಜಿದಳು, ಉದ್ದ ಈಜಿದಳು. ಅಂಗಾತ ಮಲಗಿ ಮೇಲಿನ ಆಕಾಶದ ಚೌಕ ತುಂಡನ್ನು ನೋಡಿದಳು. ತನ್ನ ಮೈ ಇಷ್ಟು ಹಗುರವೆಂಬುದನ್ನು ಅವಳು ಮರೆತೇಬಿಟ್ಟಿದ್ದಳು. ನಾಗವ್ವ ಮೆಟ್ಟಿಲ ಮೇಲೆ ಕೂತು, "ಅಯ್ಯ ಶಿವನ, ಮೀನದಂಗ ತಿರಗತಾರಲ್ಲ!" ಎಂದು ಚಪ್ಪಾಳೆ ಹೊಡೆದಳು. ಸ್ವಲ್ಪ ಹೊತ್ತಿನ ಮೇಲೆ ಮಾವಿನಹಣ್ಣು ತರುತ್ತೇವೆಂದು ನಾಗವ್ವ, ಇಂದೂ ತೋಟದ ಮನೆಯ ಕಡೆ ಹೋದರು.

ಅವರು ಹೋದದ್ದೇ ತಡ, ಮೇಲೆ ಗಂಡಸರ ದನಿ ಕೇಳಿತು.

ಅಂಬಾಬಾಯಿ ಸದ್ದಿಲ್ಲದೆ ಸರಿದು, ಎತ್ತುಗಳಿಂದ ನೀರೆತ್ತುವ ಕಪಿಲೆಯ ಕಟ್ಟೆ ಬಾವಿಯ ಮೇಲೆ ಚಾಚಿದ್ದ ಕಡೆ, ಅದರ ನೆರಳಿನಲ್ಲಿ ಮೂಗಿನ ತನಕ ಮುಳುಗಿ ನಿಂತಳು. ಮೊದಲು ಈರಬಸಪ್ಪನ ರುಮಾಲು ಕಂಡಿತು. ಅವನ ಹಿಂದೆ, ಒಂದೊಂದೇ ಮೆಟ್ಟಿಲನ್ನು ಕಾಲಿನಿಂದ ತಡವುತ್ತ ಬಂದವರನ್ನು ಕಂಡು ಅವಳಿಗೆ ನೀರೊಳಗೇ ಬೆವರು ಬಂತು.

ಪ್ರಲ್ಹಾದರಾಯರು! ಧೋತರ ಎತ್ತಿ ಕಚ್ಚೆ ಬಿಗಿದಿದ್ದರು. ಬರಿಮೈ, ಜನಿವಾರ. ಹೊಟ್ಟೆಯ ಸುತ್ತ ಊದಿದ ಮೋಟಾರು ಟ್ಯೂಬು.

"ಲಾರಿದು ಟ್ಯೂಬರೀ ರಾಯರ," ಎನ್ನುತ್ತಿದ್ದ ಈರಬಸಪ್ಪ. "ಬೆಲ್ಲದ ಲೋಡು ಹೊತ್ತದ್ದು, ನಿಮ್ಮನ್ನ ಹೊರಂಗಿಲ್ಲೇನು? ಇಳೀರಿ ಇಳೀರಿ."

"ಗಾಳಿ ಇಲ್ಲ. ಅಲೀನೂ ಇಲ್ಲ," ಎಂದು ರಾಯರು ಆಕಾಶವನ್ನೊಮ್ಮೆ ನೋಡಿ ವರದಿ ಒಪ್ಪಿಸಿದರು. "ಇಳೀಲಿಕ್ಕೆ ಅಡ್ಡಿಯಿಲ್ಲ." ಗಲ್ಲಿಗೆ ಹೋಗುವವನ ಮುಖ ಮಾಡಿ ನೀರಿಗಿಳಿದರು.

ಟ್ಯೂಬು ತೇಲಿತು. ಟ್ಯೂಬಿನ ನಡುವೆ ರಾಯರೂ ತೇಲಿದರು. ಒಂದು ಕ್ಷಣ ನಂಬಿಕೆ ಬರಲಿಲ್ಲ. ಬಂದ ಮೇಲೆ ಕೈಯಿಂದ ನೀರು ತಳ್ಳಿ ಬಾವಿಯ ನಡುವಿಗೆ ಬಂದರು. ಬುಗುರಿಯಂತೆ ಒಂದು ಸುತ್ತು ತಿರುಗಿದರು. ಮೂವತ್ತೇಳು ವರ್ಷದ ಸಂಸಾರದಲ್ಲಿ ಅಂಬಾಬಾಯಿ ಗಂಡನನ್ನು ಇಷ್ಟು ಖುಷಿಯಲ್ಲಿ ಕಂಡಿರಲಿಲ್ಲ. "ಈರಬಸಪ್ಪನವರ, ನೋಡ್ರಿ, ನೋಡ್ರಿ!" ಎಂದು ಅವರು ಎರಡೂ ಕೈ ಮೇಲೆತ್ತಿದರು.

ಆಗ ಟ್ಯೂಬು ಬುಸ್ಸೆಂದಿತು. ಹಳೆಯ ತೇಪೆಯೊಂದು ಬಿಚ್ಚಿಕೊಂಡಿತ್ತು.

"ಅಯ್ಯಯ್ಯೋ, ಯಾರರೆ ಬರ್ರೋ! ನನಗೂ ಈಜು ಬರಾಂಗಿಲ್ಲೋ!" ಎಂದು ಬಾವಿಯ ಮಾಲೀಕ ಮೆಟ್ಟಿಲ ಮೇಲೆ ನಿಂತು ಬಾಯಿ ಬಡಿದುಕೊಂಡ.

ಅಂಬಾಬಾಯಿಗೆ ನಾಚಿಕೆಯಾದದ್ದು ನಿಜ. ಆದರೆ ನಾಚಿಕೆ ಮೈಗೆ ಮುಟ್ಟುವ ಮೊದಲೇ ಅವಳ ಕೈಗಳು ನೀರು ಸೀಳಿದ್ದವು. ಮುಳುಗುತ್ತಿದ್ದ ಗಂಡನ ಜುಟ್ಟಿಗೆ ಕೈ ಹಾಕಿ ಮೇಲೆಳೆದಳು.

"ಕಾಲು ಬಡೀಬ್ಯಾಡ್ರಿ! ಅಂಗಾತ ಮಲಗ್ರಿ! ನನ್ನ ಹಿಡೀಬ್ಯಾಡ್ರಿ, ನಾ ನಿಮ್ಮನ್ನ ಹಿಡಿದೀನಿ!"

ರಾಯರು ಮಲಗಿದರು. ಹೆಂಡತಿಯ ಮಾತಿಗೆ 'ಯಾಕ' ಎನ್ನದೆ ಒಪ್ಪಿದ್ದು ಅದೇ ಮೊದಲು.

"ಯಾವ ತಾಯಿ ನೀ? ಗಂಗವ್ವನೋ?" ಎಂದರು ಕಣ್ಣು ಮುಚ್ಚಿಕೊಂಡೇ, ನೀರು ಉಗುಳುತ್ತ.

"ಗಂಗವ್ವ ಅಲ್ರಿ, ನಿಮ್ಮ ಹೇಣ್ತಿ!"

ರಾಯರು ಕಣ್ಣು ತೆರೆದರು. ತೆರೆದದ್ದಕ್ಕೆ ಇನ್ನೊಂದು ಗುಟುಕು ನೀರು ಕುಡಿದರು.

ದಂಡೆಗೆ ಬಂದಾಗ ಮೊದಲು ಓಡಿದವನು ಈರಬಸಪ್ಪ. ರುಮಾಲನ್ನು ಕಣ್ಣಿನ ಮೇಲೆ ಎಳೆದುಕೊಂಡು, "ನಾ ಏನೂ ನೋಡಿಲ್ರಿ ಬಾಯಾರ! ಬಸವಣ್ಣನ ಆಣಿ!" ಎನ್ನುತ್ತ ಕುರುಡನಂತೆ ಮೆಟ್ಟಿಲು ಹತ್ತಿದ. ಹಣ್ಣಿನ ಬುಟ್ಟಿ ಹಿಡಿದು ಬರುತ್ತಿದ್ದ ನಾಗವ್ವನಿಗೇ ಡಿಕ್ಕಿ ಹೊಡೆದ. ಮಾವಿನಹಣ್ಣುಗಳು ಮೆಟ್ಟಿಲಿನಿಂದ ಮೆಟ್ಟಿಲಿಗೆ ಪುಟಿಯುತ್ತ ನೀರಿಗೆ ಬಿದ್ದವು. ಮೇಲೆ ನಾಗವ್ವನ ಬೈಗುಳ ಶುರುವಾಯಿತು.

ಕೆಳಗೆ ಗಂಡ ಹೆಂಡತಿ ಮೆಟ್ಟಿಲ ಮೇಲೆ ಕೂತಿದ್ದರು. ಉಣ್ಣೆಯ ಉಡುಗೆ ಬಾವಿಯ ಅರ್ಧ ನೀರು ಕುಡಿದು ಅಂಬಾಬಾಯಿಯ ಮೊಣಕಾಲಿನ ತನಕ ಜೋತುಬಿದ್ದಿತ್ತು. ರಾಯರು ಅದನ್ನು ನೋಡಿದರು, ಅವಳ ಮುಖ ನೋಡಿದರು.

"ನಿನಗ ಈಜ ಬರ್ತದ?"

"ಬರ್ತದ."

"ಯಾವಾಗಿಂದ?"

"ಐದು ವರ್ಷದಾಕಿ ಇದ್ದಾಗಿಂದ."

"ನನಗ್ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲ." ಅಂಬಾಬಾಯಿ ಜಡೆ ಹಿಂಡಿಕೊಂಡಳು. "ನೀವ್ಯಾಕ ಈ ಟ್ಯೂಬು ಕಟಗೊಂಡು ಬಾವಿಗೆ ಬಂದ್ರಿ, ಅದನ್ನ ಹೇಳ್ರಿ ಮೊದಲು."

ರಾಯರು ನೀರಿನಲ್ಲಿ ತೇಲುತ್ತಿದ್ದ ಮಾವಿನಹಣ್ಣುಗಳ ಕಡೆ ಮುಖ ತಿರುಗಿಸಿದರು.

"ಬಾಳು ಹೇಳಿದ ದಿವಸದಿಂದ ನನಗ ನಿದ್ದಿಲ್ಲ. ಹಡಗ ಮುಳುಗಿದ್ರ? ನಿನಗಂತೂ ಈಜು ಬರೂದಿಲ್ಲ ಅಂತ ತಿಳಕೊಂಡಿದ್ದೆ. ಒಬ್ಬರಿಗಾದ್ರೂ ಬರಬೇಕಲ್ಲ, ನಿನ್ನ ಹಿಡೀಲಿಕ್ಕೆ."

ಅಂಬಾಬಾಯಿ ಅವರ ಕಡೆ ತಿರುಗಿದಳು. ಟ್ರಂಕು ತುಂಬಿದ ರಜಾಯಿ, ಕಂದೀಲು, ಕ್ವಿನೈನುಗಳನ್ನು ನೋಡಿ ಇಷ್ಟು ದಿನ ನಕ್ಕಿದ್ದಳು. ಈಗ ಗಂಡನ ಒದ್ದೆ ಜುಟ್ಟು, ನಡುಗುವ ತುಟಿ, ಕಾಲ ಬಳಿ ಸತ್ತ ಹಾವಿನಂತೆ ಬಿದ್ದ ಟ್ಯೂಬು ನೋಡಿ ನಗು ಬರಲಿಲ್ಲ. ಇಂದೂ ಮೆಟ್ಟಿಲ ಮೇಲೆ ಬಿಟ್ಟುಹೋಗಿದ್ದ ಪಂಜೆ ತೆಗೆದು ಅವರ ತಲೆ ಒರೆಸಿದಳು. ಒರೆಸುತ್ತ ಒರೆಸುತ್ತ, ರಾಯರು ಬುಗುರಿಯಂತೆ ತಿರುಗಿದ್ದು ನೆನಪಾಗಿ ಹೊಟ್ಟೆಯೊಳಗಿಂದ ನಗು ಎದ್ದಿತು.

"ನಗತೀ? ನಗು, ನಗು," ಎಂದರು ರಾಯರು. ಎಂದವರೇ ತಾವೂ ಶುರುಮಾಡಿದರು. ಅವರ ನಗುವಿಗೆ ಬಾವಿಯ ಗೋಡೆಗಳೂ ದನಿಗೂಡಿಸಿದವು. ಪಾರಿವಾಳಗಳು ಪಟಪಟನೆ ಹಾರಿಹೋದವು.

ನಗು ನಿಂತ ಮೇಲೆ ರಾಯರು ಉಡುಗೆಯ ಅಂಚನ್ನು ಎರಡು ಬೆರಳಲ್ಲಿ ಹಿಂಡಿ ಪರೀಕ್ಷಿಸಿದರು. "ಇದು ಉಣ್ಣೀದು. ನೀರು ಕುಡದು ಭಾರ ಆಗ್ತದ. ಸಮುದ್ರದಾಗ ಇದು ಕೆಲಸಕ್ಕ ಬರೂದಿಲ್ಲ. ಹತ್ತೀದು ಹೊಲಿಸೂಣು," ಎಂದರು ಗಂಭೀರವಾಗಿ. "ಎರಡು. ಒಂದು ಒಣಗಲಾರದಿದ್ರ?"

ಅಂದಿನಿಂದ ದಿನಾಲು ಬೆಳಗ್ಗೆ ಹಡಪಸರಕ್ಕೆ ಟಾಂಗಾ ಹೋಗತೊಡಗಿತು. ರಾಯರ ಬೆನ್ನಿಗೆ ಸೋರೆಬುರುಡೆ ಬಂತು. ಅಂಬಾಬಾಯಿ ನಡುಮಟ್ಟ ನೀರಿನ ಮೆಟ್ಟಿಲಲ್ಲಿ ನಿಂತು, ಹಿಂದೆ ಬಾಳುಗೆ ಬೈದಂತೆಯೇ ಬೈದು ಕಲಿಸಿದಳು. ನಾಗವ್ವನಿಗೂ ಆಸೆಯಾಗಿ ಅವಳೂ ಇಳಿದಳು. ಕಡೆಗೆ ನಾಗವ್ವ ಹಟ ಹಿಡಿದದ್ದಕ್ಕೆ ಈರಬಸಪ್ಪನೂ ಒಮ್ಮೆ ಇಳಿದ. ಇಳಿದವನು ಮೆಟ್ಟಿಲಿನ ಅಂಚು ಬಿಡಲಿಲ್ಲ. ಇಂದೂ ಹಳೆಯ ಕಪ್ಪು ಚಂದ್ರಕಾಳಿ ಸೀರೆಯೊಂದನ್ನು ಕತ್ತರಿಸಿ ಹೊಲಿಗೆ ಯಂತ್ರದಲ್ಲಿ ತಾಯಿಗೆ ಎರಡು ಈಜುಡುಗೆ ಹೊಲಿದಳು, ಉಳಿದ ತುಂಡಿನಲ್ಲಿ ತಂದೆಗೆ ಚಡ್ಡಿ. ಸೀರೆಯ ಕೆಂಪು ಅಂಚು ರಾಯರ ಚಡ್ಡಿಗೇ ಬಂತು. ಕೃಷ್ಣಾಬಾಯಿಗೆ ವಿಷಯ ಗೊತ್ತಾದ ದಿನ ಅವಳು, "ಇಲಿ ಅಂತ ನನಗ ಸುಳ್ಳು ಹೇಳಿದ್ರಿ," ಎಂದಷ್ಟೇ ಮುನಿಸಿಕೊಂಡು, ಈಜಿದ ಮೇಲೆ ಹಸಿವೆ ಹೆಚ್ಚಾಗುತ್ತದೆಂದು ಅಂಟಿನುಂಡೆ ಕಟ್ಟಲು ಕೂತಳು.

ಬಾಳು ಧಾರವಾಡದಿಂದ ಮರಳಿ ಬಂದಾಗ ರಾಯರು ಬಾವಿಯ ಈ ದಂಡೆಯಿಂದ ಆ ದಂಡೆಗೆ, ನಾಯಿಯಂತೆ ಕೈ ಬಡಿಯುತ್ತ, ಆದರೂ ಯಾರ ಸಹಾಯವಿಲ್ಲದೆ ಹೋಗುತ್ತಿದ್ದರು. ನಡುಮನೆಯಲ್ಲಿ ನಡೆಯಲು ದಾರಿಯಾಗಿತ್ತು. ರಜಾಯಿ ಹೋಗಿ ಅಟ್ಟ ಸೇರಿತ್ತು, ಕಂದೀಲು ಗೂಟಕ್ಕೆ ಮರಳಿತ್ತು. ರಾಯರು ಒಂದೊಂದನ್ನೇ ಹೊರಗೆ ತೆಗೆದು, "ಬಂದ್ರ ಬರಲಿ," ಎಂದು ಬದಿಗಿಟ್ಟಿದ್ದರು. ಉಪ್ಪಿನಕಾಯಿಯನ್ನು ಮಾತ್ರ ಮುಟ್ಟುವ ಧೈರ್ಯ ಅವರಿಗಿರಲಿಲ್ಲ.

ಮುಂಗಾರು ಸಮುದ್ರವನ್ನು ಕೆದಕುವ ಮೊದಲೇ ಹೊರಡಬೇಕೆಂದು ರಾಯರೇ ದಿನ ಗೊತ್ತು ಮಾಡಿದ್ದರು. ಪುಣೆ ಸ್ಟೇಷನ್ನಿಗೆ ಇಡೀ ವಾಡೆಯೇ ಬಂದಿತ್ತು. ನಾಗವ್ವ ಉಡಿ ತುಂಬಿದಳು. ಕೃಷ್ಣಾಬಾಯಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ, ಹಡಗಿನವನಿಗೆ ಸಾವಕಾಶ ನಡೆಸೆಂದು ಹೇಳಬೇಕೆಂದು ಬಾಳುಗೆ ತಾಕೀತು ಮಾಡಿದಳು. ಗಾಡಿ ಹೊರಟಾಗ ಇಂದೂ ಪ್ಲಾಟ್‌ಫಾರ್ಮಿನ ತುದಿಯ ತನಕ ಓಡಿಬಂದಳು.

ಲೋಣಾವಳೆ ದಾಟಿ ಗಾಡಿ ಘಾಟು ಇಳಿಯತೊಡಗಿತು. ಬಾಳು ಮೂಲೆಯಲ್ಲಿ ನಿದ್ದೆ ಹೋಗಿದ್ದ. ರಾಯರು ಎದುರಿಗೆ ಕೂತ ಹೆಂಡತಿಯನ್ನು ಹೊಸಬಳನ್ನು ನೋಡುವಂತೆ ನೋಡುತ್ತಿದ್ದರು.

"ಏನ ನೋಡತೀರಿ ಹಂಗ?"

"ಅಲ್ಲಾ, ಇನ್ನೇನೇನು ಬರ್ತದ ನಿನಗ? ನಾ ಕೇಳಲಾರದ್ದು?"

ಅಂಬಾಬಾಯಿ ಯೋಚಿಸಿದಳು. "ಗಿಡಾ ಏರಲಿಕ್ಕೆ ಬರ್ತದ. ಅಂದ್ರ ಬರ್ತಿತ್ತು. ಎಮ್ಮಿ ಮ್ಯಾಲೆ ಕೂಡಲಿಕ್ಕೆ ಬರ್ತದ. ಮತ್ತ..." ಎಂದು ಸುತ್ತ ನೋಡಿ ದನಿ ತಗ್ಗಿಸಿದಳು, "ಸೀಟಿ ಹೊಡೀಲಿಕ್ಕೆ ಬರ್ತದ."

"ಸೀಟಿ? ಖರೇನ?"

ಅಷ್ಟರಲ್ಲಿ ಗಾಡಿ ಸುರಂಗ ಹೊಕ್ಕಿತು. ಕತ್ತಲಲ್ಲಿ ಅಂಬಾಬಾಯಿ ಎರಡು ಬೆರಳು ನಾಲಿಗೆಯ ಕೆಳಗಿಟ್ಟು, ಮಲಪ್ರಭೆಯ ಆಚೆ ದಂಡೆಯ ದನ ತಿರುಗಿ ನೋಡುವಂತೆ ಹೊಡೆಯುತ್ತಿದ್ದ ಸೀಟಿಯನ್ನು, ಇದ್ದ ಉಸಿರೆಲ್ಲ ಹಾಕಿ ಹೊಡೆದಳು. ಬಾಳು ಧಡಕ್ಕನೆ ಎದ್ದು ಕೂತ. ಗಾಡಿ ಬೆಳಕಿಗೆ ಬಂದಾಗ ಡಬ್ಬಿಯ ತುಂಬ ಜನ ಕಿಟಕಿಗಳಿಂದ ಕತ್ತು ಹೊರಹಾಕಿ, ಗಾರ್ಡು ಯಾಕೆ ಸೀಟಿ ಹೊಡೆದ, ಹಳಿಯ ಮೇಲೇನು ಬಿತ್ತು ಎಂದು ಮರಾಠಿಯಲ್ಲಿ ಕೂಗಾಡುತ್ತಿದ್ದರು. ಅಂಬಾಬಾಯಿ ಸೆರಗು ಸರಿಮಾಡಿಕೊಂಡು, ಮಡಿಲ ಮೇಲೆ ಕೈಕಟ್ಟಿ, ಘಾಟಿನ ಹಸಿರನ್ನು ನೋಡುತ್ತ ಕೂತಿದ್ದಳು. ಪ್ರಲ್ಹಾದರಾಯರು ವೃತ್ತಪತ್ರಿಕೆಯನ್ನು ಮುಖದ ಮುಂದೆ ಹಿಡಿದಿದ್ದರು. ಪತ್ರಿಕೆ ಗಡಗಡ ಅಲುಗುತ್ತಿತ್ತು.

"ಇನ್ನೊಂದು ಸುರಂಗ ಬರ್ತದ," ಎಂದರು ಪತ್ರಿಕೆಯ ಹಿಂದಿನಿಂದ, ನಗು ತಡೆಯುತ್ತ. "ನನಗೂ ಕಲಿಸು."